ನೀಹಾರಿಕೆಗೆ ಟಚಿಂಗ್

ಸ್ಮೈಲಪ್ಪನವರಿಗೆ ಮನುಷ್ಯರ ಮುಖ ಕಂಡರೆ ಆಗದಂತಾಗಿತ್ತು. ಸನ್ಯಾಸಿಗಳಿಗಾದರೆ ಇದು ಶೋಭಿಸುತ್ತದೆ. ರಸ್ತೆಯ ಮೂಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ಬಾಗಿಲು ತೆರೆದ ಗಳಿಗೆಯಿಂದ ಒಂದರ ಹಿಂದೊಂದು ಮುಖ ಬಂದು ತಿರುಗುವ ಸ್ಟೂಲಿನ ಮೇಲೆ ಕೂರುತ್ತಿತ್ತು. "ಗದ್ದ ಸ್ವಲ್ಪ ಕೆಳಗೆ, ಅಷ್ಟು ಬೇಡ, ಸ್ವಲ್ಪ ಮೇಲೆ, ಹಾಂ, ಸ್ಮೈಲ್" ಎಂದು ಇವರು ಹಾಡಿದ್ದನ್ನೇ ಹಾಡಬೇಕು. (ಅಡ್ಡಹೆಸರು ಬಂದದ್ದು ಹೀಗೆ. ಹಾಡುವಾಗ ಅವರ ಸ್ವಂತ ಮುಖದ ಮೇಲೆ ಸ್ಮೈಲು ಕಂಡವರು ಇಡೀ ಬೀದಿಯಲ್ಲಿ ಯಾರೂ ಇರಲಿಲ್ಲ.) ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಟಚಿಂಗ್ ಮಾಡಬೇಕು. ಒಬ್ಬರಿಗೆ ಮೊಡವೆ ತೆಗೆಯಬೇಕು, ಮತ್ತೊಬ್ಬರಿಗೆ ಕಣ್ಣಿನ ಕೆಳಗಿನ ಚೀಲ ಇಳಿಸಬೇಕು. "ಸಾರ್, ನಾನು ನಾನೇ ಅಂತ ಗೊತ್ತಾಗ್ಬೇಕು, ಆದ್ರೆ ಚೆನ್ನಾಗಿ ಕಾಣ್ಬೇಕು" ಎಂದು ಕೈ ಮುಗಿಯುವವರೂ ಇದ್ದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಬಾಯಿ ಬಿಟ್ಟು ಹೇಳುವಂತಿಲ್ಲ.

ಆದರೂ ಟಚಿಂಗಿನಲ್ಲಿ ಅವರದು ಎತ್ತಿದ ಕೈ. ಎಂಥ ಕಲೆಯಿದ್ದರೂ ಇತ್ತೋ ಇಲ್ಲವೋ ಎನ್ನುವಂತೆ ಮಾಯ ಮಾಡುತ್ತಿದ್ದರು. ಕಲೆ ತೆಗೆಯುವುದೇ ತಮ್ಮ ಕಲೆ ಎಂದು ಹೇಳಿಕೊಂಡು, ಆ ಮಾತನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದರು. ಬೇರೆ ಯಾರೂ ಮೆಚ್ಚುತ್ತಿರಲಿಲ್ಲ ಎಂಬುದೇ ಅವರ ಎದೆಯ ಮುಳ್ಳು. ಆ ಮುಳ್ಳನ್ನು ದಿನಾ ಇನ್ನಷ್ಟು ಒಳಗೆ ತಳ್ಳುತ್ತಿದ್ದವರು ಅವರ ಷಡ್ಡಕರು. ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಆ ಮಹಾನುಭಾವರು ರಜೆಗೆಂದು ಕೆರೆಯ ದಂಡೆಗೆ ಹೋಗಿ ಮಿಂಚುಳ್ಳಿಯೊಂದು ಮೀನು ಹಿಡಿಯುವ ಚಿತ್ರ ತೆಗೆದರು; ಅದಕ್ಕೆ ಬಹುಮಾನ ಬಂತು; ಅದರ ದೊಡ್ಡ ಪ್ರತಿಯೊಂದು ಸ್ಮೈಲಪ್ಪನವರ ಮನೆಯ ಹಾಲಿನಲ್ಲೇ ಬಂದು ಕೂತಿತು. ಹೊಟ್ಟೆಪಾಡಿಗೆ ಫೋಟೋ ತೆಗೆಯುವವನ ಮನೆಯಲ್ಲಿ ಹಲ್ಲು ಕೀಳುವವನ ಫೋಟೋ!

"ಭಾವ ಪ್ರೀತಿಯಿಂದ ಕೊಟ್ಟಿದ್ದು. ನೀವೂ ತೆಗೀರಿ, ಅದನ್ನೂ ಹಾಕೋಣ" ಎಂದರು ಹೆಂಡತಿ.

"ನಾನು ತೆಗೆದಿದ್ದು ಸಾವಿರಾರು ಇದೆಯಲ್ಲೇ!"

"ಇದೆ. ಎಲ್ಲ ಪಾಸ್‌ಪೋರ್ಟ್ ಸೈಜು. ಗೋಡೆ ತುಂಬ ಅಪರಿಚಿತರ ಮುಖ ಅಂಟಿಸಿದ್ರೆ ಪೊಲೀಸ್ ಸ್ಟೇಷನ್ ಅಂದ್ಕೋತಾರೆ ಬಂದೋರು."

ಹೀಗಿರುವಾಗ ಒಂದು ಮಧ್ಯಾಹ್ನ ಫಿಸಿಕ್ಸ್ ಮೇಡಂ ಸ್ಟುಡಿಯೋಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಊರಿನ ಆಕಾಶ ವೀಕ್ಷಕರ ಬಳಗ ನಡೆಸುವವರು. ಚಿತ್ರವೊಂದಕ್ಕೆ ಚೌಕಟ್ಟು ಹಾಕಿಸಬೇಕಿತ್ತು. ಸುರುಳಿ ಬಿಚ್ಚಿದಾಗ ಸ್ಮೈಲಪ್ಪನವರು ಅಳತೆ ಟೇಪು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿಬಿಟ್ಟರು. ಕಪ್ಪು ಆಕಾಶದಲ್ಲಿ, ಕೆಂಪು ಮಂಜಿನ ನಡುವೆ, ತೆಳ್ಳಗಿನ ನೀಲಿ ಗುಳ್ಳೆಯೊಂದು ತೇಲುತ್ತಿತ್ತು.

"ಇದೇನು ಮೇಡಂ, ಸೋಪಿನ ಗುಳ್ಳೆನಾ?"

"ಗುಳ್ಳೆನೇ. ಊದಿದ್ದು ಮಾತ್ರ ಒಂದು ನಕ್ಷತ್ರ" ಎಂದರು ಮೇಡಂ. ಪಾಠ ಹೇಳಲು ಯಾರಾದರೂ ಸಿಕ್ಕರೆ ಅವರಿಗೂ ಬೇಕಿತ್ತು. "ನಮ್ಮ ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರಗಳಿರ್ತಾವೆ. ಅವು ಸುಮ್ಮನೆ ಕೂರೋ ಜಾತಿ ಅಲ್ಲ. ತಮ್ಮ ಮೈಯನ್ನೇ ಗಾಳಿ ಮಾಡ್ಕೊಂಡು ನಾಲ್ಕೂ ಕಡೆ ಬೀಸ್ತಿರ್ತಾವೆ. ಆ ಗಾಳಿ ಸುತ್ತಲಿನ ಅನಿಲಾನೆಲ್ಲ ಗುಡಿಸಿ ಅಂಚಿಗೆ ತಳ್ಳತ್ತೆ. ನಕ್ಷತ್ರದ ಕಾವಿಗೆ ಆ ಅಂಚು ತಾನೇ ಹೊಳೆಯೋಕೆ ಶುರು ಮಾಡತ್ತೆ. ಅದೇ ಈ ನೀಹಾರಿಕೆ."

"ಫೋಟೋ ತೆಗೆಯುವಾಗ ಅಲ್ಲಾಡಲ್ವಾ?"

"ನಿಮ್ಮ ಜೀವಮಾನದಲ್ಲಿ ಅಲ್ಲಾಡಿದ್ದು ಕಾಣಲ್ಲ."

ಅಲ್ಲಾಡುವುದಿಲ್ಲ. ಕಣ್ಣು ಮಿಟುಕಿಸುವುದಿಲ್ಲ. ಗದ್ದ ಸಣ್ಣಗೆ ಮಾಡಿಕೊಡಿ ಎನ್ನುವುದಿಲ್ಲ. ಸ್ಮೈಲಪ್ಪನವರಿಗೆ ಆ ಕ್ಷಣದಲ್ಲಿ ಪ್ರೇಮಾಂಕುರವಾಯಿತು (ಮೇಡಂ ಮೇಲಲ್ಲ, ನೀಹಾರಿಕೆಯ ಮೇಲೆ). ಬಳಗದ ಪ್ರದರ್ಶನ ಹತ್ತಿರದಲ್ಲೇ ಇದೆ, ಯಾರು ಬೇಕಾದರೂ ಚಿತ್ರ ತರಬಹುದು ಎಂದೂ ಮೇಡಂ ಹೇಳಿದರು. "ಹೊಸಬರು ಅರ್ಧಚಂದ್ರ ನೀಹಾರಿಕೆಯಿಂದ ಶುರು ಮಾಡಿ. ಈಗ ಸಂಜೆ ಕತ್ತಲಾಗುತ್ತಲೇ ನೆತ್ತಿ ಮೇಲೆ ಇರತ್ತೆ, ಹಂಸ ನಕ್ಷತ್ರಪುಂಜದಲ್ಲಿ. ಅದನ್ನೂ ಅಂಥದ್ದೇ ಒಂದು ನಕ್ಷತ್ರ ಗಾಳಿ ಬೀಸಿ ಮಾಡಿರೋದು."

ಸ್ಮೈಲಪ್ಪನವರು ಆ ದಿನ ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಹಾರಿದರು. ಹೆಂಡತಿ ಆಗತಾನೆ ಕೆಲಸದಿಂದ ಬಂದು ಬಿಳಿ ಕೋಟು ಕಳಚುತ್ತಿದ್ದರು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವರಿಗೆ ಕೆಲಸ. ದಿನವಿಡೀ ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ಇಣುಕುವುದು.

"ಲೇ, ನಾನು ಅರ್ಧಚಂದ್ರ ತೆಗೀಬೇಕು ಅಂತ ಇದ್ದೀನಿ."

"ಅದಕ್ಕೆ ಯಾಕೆ ಕಷ್ಟಪಡ್ತೀರಿ? ಕತ್ತು ಹಿಡಿದು ಆಚೆ ದಬ್ಬೋ ಅರ್ಧಚಂದ್ರ ಆದ್ರೆ ನಾನೇ ಪ್ರಯೋಗ ಮಾಡ್ತೀನಿ, ಈಗಲೇ."

"ತಮಾಷೆ ಅಲ್ಲ ಕಣೇ. ಒಂದು ಭಾರೀ ನಕ್ಷತ್ರ. ತನ್ನ ಪಾಡಿಗೆ ತಾನು ಗಾಳಿ ಬಿಡ್ತಾ ಬಿಡ್ತಾ ಸುತ್ತ ಇರೋದನ್ನೆಲ್ಲ ಮೂಲೆಗೆ ತಳ್ಳತ್ತೆ..."

"ಸುಮ್ಮನೆ ಗಾಳಿ ಬಿಟ್ಕೊಂಡು ಮನೆಯವರನ್ನೆಲ್ಲ ಮೂಲೆಗೆ ತಳ್ಳೋದನ್ನ ನೋಡೋಕೆ ನಾನು ಆಕಾಶಕ್ಕೆ ಹೋಗ್ಬೇಕಿಲ್ಲ ರೀ. ಎದುರಿಗೇ ನಿಂತಿದೆ."

ಮೂಲೆಯ ಕುರ್ಚಿಯಲ್ಲಿ ಹೊಲಿಗೆ ಹಿಡಿದು ಕೂತಿದ್ದ ಅತ್ತೆ, ಎಂದರೆ ಹೆಂಡತಿಯ ತಾಯಿ, ಅಳಿಯನ ಪಕ್ಷ ವಹಿಸಿದರು. "ಬಿಡೇ, ಅಳಿಯಂದ್ರು ಏನೋ ದೊಡ್ಡದು ಮಾಡೋಕೆ ಹೊರಟಿದ್ದಾರೆ. ಮಾಡ್ಲಿ. ತಾರಸಿ ಮೇಲಿನ ಬಟ್ಟೆ ಹಗ್ಗ ಒಂದು ಮುಟ್ಟಬಾರದು ಅಷ್ಟೆ."

ಬಳಗದಿಂದ ಒಂದು ಪುಟ್ಟ ದೂರದರ್ಶಕ, ಆಕಾಶದ ಜೊತೆಜೊತೆಗೇ ತಿರುಗುವ ಮೋಟಾರಿನ ಸ್ಟ್ಯಾಂಡು, ಹೊಳೆಯುವ ಅನಿಲದ ಬೆಳಕನ್ನು ಮಾತ್ರ ಒಳಗೆ ಬಿಡುವ ಒಂದು ಫಿಲ್ಟರು ಎರವಲು ಬಂದವು. ಕ್ಯಾಮೆರಾ ಮಾತ್ರ ಸ್ವಂತದ್ದು. ನೀಹಾರಿಕೆಯ ಹೈಡ್ರೋಜನ್ ಸೂಸುವ ಕಡುಗೆಂಪು ಬೆಳಕನ್ನು ಸಾಮಾನ್ಯ ಕ್ಯಾಮೆರಾದ ಒಳಗಿನ ಗಾಜೊಂದು ತಡೆಯುತ್ತದೆಂದು ತಿಳಿದು, ಸ್ಮೈಲಪ್ಪನವರು ಸ್ಟುಡಿಯೋದ ಹಳೆಯ ಕ್ಯಾಮೆರಾ ಬಿಚ್ಚಿ, ಉಸಿರು ಬಿಗಿಹಿಡಿದು ಆ ಗಾಜನ್ನು ತೆಗೆದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಆದರೆ ಇದೂ ಸ್ಟುಡಿಯೋದ ಹೊಸ ಕ್ಯಾಮೆರಾವೂ ಹೊರಗಿನಿಂದ ನೋಡಲು ಅವಳಿ ಜವಳಿ. ಮರುದಿನ ಬೆಳಗ್ಗೆ ಒಬ್ಬರು ನಿವೃತ್ತ ನ್ಯಾಯಾಧೀಶರು ಪಾಸ್‌ಪೋರ್ಟಿಗೆಂದು ಬಂದು ಕೂತರು. ಸಂಜೆ ಫೋಟೋ ಕೈಗೆ ಬಂದಾಗ ಅವರ ಗಂಭೀರ ವದನ ಟೊಮೇಟೊ ಹಣ್ಣಿನಂತೆ ಕೆಂಪಗೆ ಕಂಗೊಳಿಸುತ್ತಿತ್ತು.

"ನಾನು ವಿದೇಶಕ್ಕೆ ಹೋಗೋಕೆ ಫೋಟೋ ಕೇಳಿದ್ದು ಕಣ್ರೀ. ಕುಡಿದು ಸಿಕ್ಕಿಬಿದ್ದೋರ ಪಟ್ಟಿಗಲ್ಲ."

"ಹೈಡ್ರೋಜನ್ ಚೆನ್ನಾಗಿ ಬಂದಿದೆ ಸಾರ್" ಎಂದುಬಿಟ್ಟರು ಸ್ಮೈಲಪ್ಪನವರು, ಮನಸ್ಸು ಎಲ್ಲೋ ಇದ್ದದ್ದರಿಂದ. ನ್ಯಾಯಾಧೀಶರು ಫೋಟೋವನ್ನು ಮೇಜಿನ ಮೇಲೆಯೇ ಬಿಟ್ಟು ನಡೆದರು.

ಸಂಜೆಯಾಯಿತೆಂದರೆ ತಾರಸಿಯ ಮೇಲೆ ನಿಷೇಧಾಜ್ಞೆ ಜಾರಿಯಾಗುತ್ತಿತ್ತು. ಓಡಾಡಬಾರದು, ನೆಲ ಅದುರುತ್ತದೆ. ದೀಪ ಹಚ್ಚಬಾರದು. ಕೆಮ್ಮು ಬಂದರೆ ಕೆಳಗೆ ಹೋಗಿ ಕೆಮ್ಮಬೇಕು. ಮೊದಲ ಸಂಜೆ ಇಷ್ಟೆಲ್ಲ ಕಟ್ಟುಪಾಡಿನ ನಡುವೆ ತೆಗೆದ ಮೊದಲ ಚಿತ್ರದಲ್ಲಿ ಅಪೂರ್ವವಾದ ಹೂವಿನಾಕಾರವೊಂದು ಮೂಡಿತು. ಸ್ಮೈಲಪ್ಪನವರು ಹಿಗ್ಗಿ ಹೀರೇಕಾಯಿಯಾಗಿ ಎಲ್ಲರನ್ನೂ ಕೂಗಿದರು. ಅತ್ತೆ ಬಂದು ನೋಡಿ, "ಇದು ನನ್ನ ಮಂಚದ ಮೇಲುಹಾಸು ಅಲ್ವಾ ಅಳಿಯಂದ್ರೇ? ಆ ಮೂಲೇಲಿ ತೇಪೆ ಕೂಡ ಕಾಣ್ತಿದೆ" ಎಂದರು. ಗಾಳಿಗೆ ಹಗ್ಗದ ಮೇಲಿನ ಮೇಲುಹಾಸು ಹಾರಿ ದೂರದರ್ಶಕದ ಮುಂದೆ ಬಂದು ನಿಂತಿತ್ತು.

ಮುಂದಿನ ಸಂಜೆಗಳಲ್ಲಿ ಮೋಡ. ಮೋಡ ಕರಗಿದ ಮೇಲೆ ನೋಡಿದರೆ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಬಳೆಗಳ ಹಾಗೆ ನಡುವೆ ತೂತು ಬಿದ್ದು ಕಾಣುತ್ತಿದ್ದವು. ಇದು ನಕ್ಷತ್ರಗಳ ಸ್ವಭಾವವಿರಬೇಕೆಂದು ಸ್ಮೈಲಪ್ಪನವರು ಸಮಾಧಾನ ಮಾಡಿಕೊಂಡರು. ಕ್ಯಾಮೆರಾ ತಾನಾಗಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತಾ ಹೋಗುವಂತೆ ಗುಂಡಿ ಒತ್ತಿ, ಈಸಿ ಚೇರಿನಲ್ಲಿ ಒರಗಿದರು. ತಾರಸಿಯ ತಂಗಾಳಿ ಹಿತವಾಗಿತ್ತು. ಮೋಟಾರು ಜೋಗುಳದಂತೆ ಗುಯ್‌ಗುಡುತ್ತಿತ್ತು. ಖಗೋಳ ವಿಜ್ಞಾನಿಯ ಗೊರಕೆ ಪಕ್ಕದ ಮನೆಯವರೆಗೂ ತಲುಪಿತು. ಅದಕ್ಕೆ ನೆಲ ಅದುರುವುದಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಊಟಕ್ಕೆ ಕರೆಯಲು ಹೆಂಡತಿ ಮೇಲೆ ಬಂದರು; ಎಬ್ಬಿಸಲು ಬಹಳ ಹೊತ್ತು ಹಿಡಿಯಿತು ಎಂದರು ಆಮೇಲೆ. ಹಾಗೆ ಇನ್ನೂ ಕೆಲವು ಸಂಜೆ ನಡೆಯಿತು. ಎಚ್ಚರವಾದಾಗ ಮೈಮೇಲೆ ಶಾಲು ಹೊದಿಸಿರುತ್ತಿತ್ತು. ಆ ಸಂಜೆಗಳ ಚಿತ್ರಗಳಲ್ಲಿ ನಕ್ಷತ್ರಗಳು ಸೂಜಿಮೊನೆಯ ಹಾಗೆ ಇದ್ದವು. "ಕೈ ಕುದುರಿಬಿಟ್ಟಿದೆ" ಎಂದು ಸ್ಮೈಲಪ್ಪನವರು ತಮ್ಮ ಬೆರಳುಗಳನ್ನು ತಾವೇ ಗೌರವದಿಂದ ನೋಡಿಕೊಂಡರು.

ಎಲ್ಲ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೇರಿ, ಕತ್ತಲನ್ನು ನಿಧಾನವಾಗಿ ಎಳೆದೆಳೆದು ಬೆಳಕು ಮಾಡುವುದು ಉಳಿಯಿತು. ಒಂದು ಭಾನುವಾರ ಸ್ಟುಡಿಯೋದ ಒಳಕೋಣೆ ಸೇರಿದರು. ಚಿತ್ರ ಮೂಡಿತು. ಒಂದು ಬದಿಯಲ್ಲಿ, ಹಂಸದ ಎದೆಯ ಜಾಗದ ಪ್ರಖರ ನಕ್ಷತ್ರದ ಸುತ್ತ, ಕೈವಾರದಿಂದ ಬರೆದಂಥ ನುಣುಪಾದ ಒಂದು ಬಳೆ! ಒಂದು ಅಂಚು ದಪ್ಪ, ಇನ್ನೊಂದು ತೆಳು. ಸಾಕ್ಷಾತ್ ಅರ್ಧಚಂದ್ರ! ಮೇಡಂ ತಂದಿದ್ದ ಗುಳ್ಳೆಗೂ ಇಷ್ಟು ಅಚ್ಚುಕಟ್ಟಿರಲಿಲ್ಲ. ಸ್ಮೈಲಪ್ಪನವರಿಗೆ ಕಣ್ಣು ತುಂಬಿ ಬಂತು.

ತುಂಬಿದ ಕಣ್ಣು ಒರೆಸಿಕೊಂಡು ನೋಡಿದರೆ ಉಳಿದ ಚಿತ್ರವೆಲ್ಲ ಗಲೀಜು. ಹಿನ್ನೆಲೆಯ ತುಂಬ ಯಾರೋ ಕೆಂಪು ನೀರು ಚೆಲ್ಲಿ ಬಟ್ಟೆಯಿಂದ ಒರೆಸಿದ ಹಾಗೆ ಮಬ್ಬು. ಸಾಲದ್ದಕ್ಕೆ ನಟ್ಟನಡುವೆ ಒಂದು ಕೆಂಪು ಕಲೆ, ಅಂಚು ಹರಿದು ಚಿಂದಿಯಾಗಿ, ಒಳಗೆಲ್ಲ ಗೆರೆಗೆರೆಯಾಗಿ, ಯಾರೋ ಹೆಬ್ಬೆರಳು ಒತ್ತಿ ಎಳೆದಂತೆ. ಯಾರ ಹೆಬ್ಬೆರಳು? ತಾರಸಿಗೆ ಬಟ್ಟೆ ತೆಗೆಯಲು ಹೋಗುತ್ತಿದ್ದವರು ಒಬ್ಬರೇ.

ಮನೆಗೆ ಬಂದು ಕೇಳಿಯೇಬಿಟ್ಟರು. "ಅತ್ತೆ, ನೀವು ಲೆನ್ಸು ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ?"

"ಹೆಬ್ಬೆಟ್ಟಿನ ಗುರುತು ಬಿದ್ದಿದೆ."

"ಅಳಿಯಂದ್ರೇ, ನಾನು ಓದಿದೋಳು. ಹೆಬ್ಬೆಟ್ಟು ಒತ್ತೋ ಅಭ್ಯಾಸ ನನಗಿಲ್ಲ" ಎಂದು ಅತ್ತೆ ಹೊಲಿಗೆ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಅಳಿಯನೊಡನೆ ಮಾತು ಬಿಟ್ಟರು. ಪಕ್ಷ ವಹಿಸುತ್ತಿದ್ದ ಒಂದು ಜೀವವೂ ಕೈಬಿಟ್ಟಂತಾಯಿತು.

ಇರಲಿ. ಕಲೆ ತೆಗೆಯುವ ಕಲಾವಿದನಿಗೆ ಹೆಬ್ಬೆಟ್ಟು ಯಾವ ಲೆಕ್ಕ? ಸ್ಮೈಲಪ್ಪನವರು ಮೌಸು ಹಿಡಿದು ಕೂತರು. ನಡುವಿನ ಕಲೆಯನ್ನು ಎಳೆ ಎಳೆಯಾಗಿ ಅಳಿಸಿದರು. ಹಿನ್ನೆಲೆಯ ಮಬ್ಬನ್ನು ತೊಳೆದು, ಇಸ್ತ್ರಿ ಹಾಕಿದ ಕಪ್ಪು ಮಖಮಲ್ಲಿನಂತೆ ಮಾಡಿದರು. ಬಳೆಯನ್ನು ನಡುವೆ ತಂದು ಸ್ವಲ್ಪ ಹೊಳಪು ಕೊಟ್ಟರು. ಮದುಮಗಳಿಗೂ ಅವರು ಇಷ್ಟು ಮುತುವರ್ಜಿಯಿಂದ ಟಚಿಂಗ್ ಮಾಡಿರಲಿಲ್ಲ.

ಪ್ರದರ್ಶನ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಸ್ಮೈಲಪ್ಪನವರು ಹೆಂಡತಿಯನ್ನೂ ಅತ್ತೆಯನ್ನೂ ಕರೆದೊಯ್ದರು. ಷಡ್ಡಕರನ್ನಂತೂ ಒತ್ತಾಯ ಮಾಡಿ ಬರಿಸಿಕೊಂಡರು. ಬಾಗಿಲಿನ ಎದುರಿಗೇ ಇವರ ಚಿತ್ರ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ. ಷಡ್ಡಕರು ಅದರ ಮುಂದೆ ನಿಂತು, ಹುಳುಕು ಹುಡುಕುವ ಅಭ್ಯಾಸದಿಂದಲೋ ಏನೋ ಬಾಗಿ ನೋಡಿ, "ಬಹಳ ಚೊಕ್ಕಟವಾಗಿದೆ. ಹಾಲುಹಲ್ಲಿನ ಹಾಗೆ" ಎಂದರು. ಸ್ಮೈಲಪ್ಪನವರು ಜನ್ಮದಲ್ಲೇ ಮೊದಲ ಬಾರಿಗೆ ಎನ್ನುವಂತೆ ಸ್ಮೈಲ್ ಮಾಡಿದರು. ಅಷ್ಟರಲ್ಲಿ ಫಿಸಿಕ್ಸ್ ಮೇಡಂ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು.

"ಇದು ಯಾವುದು?"

"ಅರ್ಧಚಂದ್ರ ಮೇಡಂ! ನೀವೇ ಹೇಳಿದ್ರಲ್ಲ."

"ಅಲ್ಲಪ್ಪಾ. ಇದು ಫಿಲ್ಟರಿನ ಗಾಜಿನಲ್ಲಿ ಬೆಳಕು ಬಡಿದು ವಾಪಸ್ ಬಂದು ಆಗಿರೋ ಉಂಗುರ. ನೀವು ಆ ಗಾಜಿನ ಫೋಟೋ ತೆಗೆದಿದ್ದೀರಿ." ಅವರ ಬೆರಳು ಚೌಕಟ್ಟಿನ ಕಪ್ಪು ಜಾಗದ ಕಡೆ ಹೋಯಿತು. "ನೀಹಾರಿಕೆ ಇಲ್ಲೆಲ್ಲೋ ಇರಬೇಕಿತ್ತು. ಇಲ್ಲಿ ಏನೂ ಇರಲಿಲ್ವಾ?"

"ಏನೂ ಇರಲಿಲ್ಲ ಮೇಡಂ. ಒಂದು ಕಲೆ ಇತ್ತು. ಹರಕು ಮುರುಕಾಗಿ, ಕೆಂಪಗೆ. ತೆಗೆದುಬಿಟ್ಟೆ."

ಮೇಡಂ ಗೋಡೆಗೆ ಕೈ ಊರಿಕೊಂಡರು. "ತೆಗೆದುಬಿಟ್ರಾ?"

"ಗುರುತೇ ಸಿಗದ ಹಾಗೆ."

"ಅಯ್ಯೋ, ಅದು ಈ ತುದಿಯಿಂದ ಆ ತುದಿಗೆ ಬೆಳಕು ಹೋಗೋಕೇ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೇಕು ಕಣ್ರೀ! ಅಂಥದ್ದನ್ನ ಮೊಡವೆ ತೆಗೆದ ಹಾಗೆ ತೆಗೆದುಬಿಟ್ರಾ? ಹಿನ್ನೆಲೆಯ ಕೆಂಪು ಮೋಡ?"

"ಅದನ್ನೂ... ತೊಳೆದುಬಿಟ್ಟೆ."

ಸುತ್ತ ನಿಂತವರು ನಗಬಾರದೆಂದು ಮಾಡಿದ ಪ್ರಯತ್ನ ಶ್ಲಾಘನೀಯವಾಗಿತ್ತು, ಫಲಿಸಲಿಲ್ಲ. ಷಡ್ಡಕರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಬೇರೆ ಚಿತ್ರದ ಕಡೆ ನಡೆದರು. "ನನ್ನ ಹೆಬ್ಬೆಟ್ಟು ಅಂದ್ರಲ್ಲ, ಇಷ್ಟು ದೊಡ್ಡದು ಇರತ್ತಾ ನನ್ನ ಹೆಬ್ಬೆಟ್ಟು?" ಎಂದು ಅತ್ತೆ ಮೌನವ್ರತ ಮುರಿದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಸ್ಮೈಲಪ್ಪನವರ ಮುಖ ನ್ಯಾಯಾಧೀಶರ ಫೋಟೋಗಿಂತ ಕೆಂಪಾಯಿತು. ಆದರೆ ಅವರಿಗೆ ನಿಜವಾಗಿ ಚುಚ್ಚಿದ್ದು ನಗೆಯಲ್ಲ. ಅಷ್ಟು ಸಂಜೆ ತಲೆ ಎತ್ತಿ ಕಾದದ್ದಕ್ಕೆ ಆಕಾಶ ಕೊಟ್ಟದ್ದನ್ನು ಅವರೇ, ತಮ್ಮ ಕೈಯಾರೆ, ಒರೆಸಿ ಹಾಕಿದ್ದರು.

"ಮೂಲ ಚಿತ್ರಗಳಾದ್ರೂ ಇವೆಯಾ?" ಎಂದರು ಮೇಡಂ.

"ಜಾಗ ಸಾಲದು ಅಂತ ಅಳಿಸಿದೆ" ಎಂದರು ಸ್ಮೈಲಪ್ಪನವರು, ತಮಗೇ ಕೇಳಿಸದಷ್ಟು ಮೆಲ್ಲಗೆ.

ಆಗ ಹೆಂಡತಿ ಕೈಚೀಲದಲ್ಲಿ ಕೈಯಾಡಿಸಿ ಒಂದು ಪೆನ್‌ಡ್ರೈವ್ ತೆಗೆದರು. "ಇದರಲ್ಲಿವೆ. ದಿನಾ ನಕಲು ಮಾಡಿ ಇಟ್ಕೋತಿದ್ದೆ. ರಿಪೋರ್ಟ್ ಒಪ್ಪಿಗೆಯಾಗೋವರೆಗೂ ಸ್ಯಾಂಪಲ್ ಎಸೆಯೋದಿಲ್ಲ ನಮ್ಮ ಲ್ಯಾಬಲ್ಲಿ. ಇವತ್ತು ನಿಮಗೆ ತೋರಿಸಿ ಕೇಳೋಣ ಅಂತ ತಂದೆ. ಮತ್ತೆ ಕಲೆ ಅಂದ್ರಲ್ಲ ಇವರು, ನಮ್ಮ ಕೆಲಸದಲ್ಲಿ ಕಲೆ ಕಂಡ್ರೆ ಅಳಿಸಲ್ಲ ಮೇಡಂ, ಏನದು ಅಂತ ನೋಡ್ತೀವಿ."

ದೊಡ್ಡ ಪರದೆಗೆ ಜೋಡಿಸಿ ಮೇಡಂ ಚಿತ್ರಗಳನ್ನು ಹೇರತೊಡಗಿದರು. ಕಪ್ಪು ಮೆಲ್ಲಗೆ ಬಿಚ್ಚಿಕೊಂಡಿತು. ಮೊದಲು ನಕ್ಷತ್ರಗಳು, ಚೆಲ್ಲಿದ ಹಿಟ್ಟಿನಷ್ಟು. ಆಮೇಲೆ ಕೆಂಪು ಮೋಡದ ದಂಡೆಗಳು. ಅವುಗಳ ನಡುವೆ ಸುಲಿದ ಕಿತ್ತಳೆಯ ಅರ್ಧ ಸಿಪ್ಪೆಯಂತೆ, ಒಳಗೆ ನರನರವಾಗಿ, ಒಂದು ಅಂಚು ಬಿರಿದು ಉರಿಯುವಂತೆ, ಆ 'ಕಲೆ' ಮೇಲೆದ್ದು ಬಂತು. ಅದರ ನಡುವೆ ಬಡಪಾಯಿಯಂತೆ ಕೂತ ಒಂದು ಪುಟ್ಟ ಚುಕ್ಕೆ. ಅದೇ ಇಷ್ಟನ್ನೆಲ್ಲ ಊದಿದ್ದು ಎಂದರು ಮೇಡಂ. ನಗುತ್ತಿದ್ದವರು ಪರದೆಯ ಹತ್ತಿರಕ್ಕೆ ಸರಿದರು. ಸ್ಮೈಲಪ್ಪನವರು ಬಾಯಿ ತೆರೆದುಕೊಂಡು ನಿಂತೇ ಇದ್ದರು. ಒಂದು ಕೂದಲೆಳೆಯಷ್ಟೂ ಟಚಿಂಗ್ ಬೇಕಿರಲಿಲ್ಲ.

"ಫೋಕಸ್ ನೋಡಿ, ಎಂಥ ಫೋಕಸ್!" ಮೇಡಂ ತಿರುಗಿದರು. "ಹೊಸಬರಿಗೆ ಇದು ಬರೋದೇ ಇಲ್ಲ. ಹೇಗೆ ಮಾಡಿದ್ರಿ?"

ಸ್ಮೈಲಪ್ಪನವರು ಕುದುರಿದ ತಮ್ಮ ಕೈಯನ್ನು ಮುಂದೆ ಚಾಚುವಷ್ಟರಲ್ಲಿ ಹೆಂಡತಿ ಹೇಳಿಬಿಟ್ಟರು. "ಅದು ನಾನು ಮೇಡಂ. ಊಟಕ್ಕೆ ಕರೆಯೋಕೆ ಹೋದ್ರೆ ಇವರು ಗೊರಕೆ ಹೊಡೀತಿದ್ರು. ಪರದೆ ಮೇಲೆ ನಕ್ಷತ್ರ ಎಲ್ಲ ಬಳೆ ಅಂಗಡಿ. ನನಗೆ ಫೋಕಸ್ ತಪ್ಪಿದ್ದು ಕಂಡ್ರೆ ಕೈ ಸುಮ್ಮನಿರಲ್ಲ. ತಿರುಪು ತಿರುಗಿಸಿ ಚುಕ್ಕೆ ಮಾಡಿದೆ. ಚೆನ್ನಾಗಿ ಕಾಣ್ತು, ಮತ್ತೆ ಮತ್ತೆ ತೆಗೆದೆ. ಇವರಿಗೊಂದು ಶಾಲು ಹೊದಿಸಿ ಕೂತ್ಕೋತಿದ್ದೆ."

"ನನಗೆ ಹೇಳ್ಬಾರ್ದಿತ್ತೇನೇ?"

"ಕೈ ಕುದುರಿದೆ ಅಂತ ಅಷ್ಟು ಖುಷಿಯಾಗಿದ್ರಿ. ಯಾಕೆ ಕೆಡಿಸ್ಲಿ ಅಂತ."

ಆ ಚಿತ್ರ ಬಳಗದ ಪತ್ರಿಕೆಯ ಮುಖಪುಟಕ್ಕೆ ಹೋಯಿತು, ಹೆಂಡತಿಯ ಹೆಸರಿನಲ್ಲಿ. ದೂರದರ್ಶಕ ಬಳಗಕ್ಕೆ ವಾಪಸ್ ಹೋಗಲಿಲ್ಲ. ಬಳಗವೇ ದೂರದರ್ಶಕವಿದ್ದಲ್ಲಿಗೆ ಬಂತು. ಈಗ ಮೋಡವಿಲ್ಲದ ಸಂಜೆ ಬಂದರೆ ತಾರಸಿಯ ಮೇಲೆ ಚಾಪೆ ಹಾಸಿರುತ್ತದೆ, ಹೆಂಡತಿ ತಿರುಪಿಗೆ ಕೈಯಿಟ್ಟು ಹೊಸಬರಿಗೆ ಹೇಳಿಕೊಡುತ್ತಿರುತ್ತಾರೆ, ಅತ್ತೆ ತಮ್ಮ ಮೇಲುಹಾಸನ್ನು ತಾವೇ ಮೊದಲು ಮಡಿಚಿಟ್ಟು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಷಡ್ಡಕರೂ ಆಗೀಗ ಬರುತ್ತಾರೆ. ಸ್ಮೈಲಪ್ಪನವರ ಪಾಲಿಗೆ ಬಂದದ್ದು ಚಹಾ ಇಲಾಖೆ. ಕತ್ತಲಲ್ಲಿ, ನೆಲ ಅದುರದಂತೆ, ತಟ್ಟೆ ಹಿಡಿದು ತುದಿಗಾಲಿನಲ್ಲಿ ಮೆಟ್ಟಿಲು ಹತ್ತುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

ಮೊನ್ನೆ ಹೊಸದಾಗಿ ಸೇರಿದ ಒಬ್ಬ ಯುವಕ ಲೋಟ ತೆಗೆದುಕೊಳ್ಳುತ್ತಾ ಸೌಜನ್ಯಕ್ಕೆ ಮಾತಾಡಿಸಿದ. "ಅಂಕಲ್, ನೀವೇನು ಮಾಡ್ತೀರಿ?"

"ಫೋಟೋ ತೆಗೀತೀನಿ" ಎಂದರು ಸ್ಮೈಲಪ್ಪನವರು, ಎದೆ ಉಬ್ಬಿಸಿ.

"ಓ, ನೀವೂನಾ? ಫೋಕಸ್ ಹೇಳ್ಕೊಡೋ ಮೇಡಂ ಹತ್ರ ಕಲೀತಿದ್ದೀರಾ?"

ಸ್ಮೈಲಪ್ಪನವರು ದೂರದರ್ಶಕದ ಕಡೆ ನೋಡಿದರು. ಹೆಂಡತಿ ಒಂದು ಕಣ್ಣು ಮುಚ್ಚಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ತಲೆಯೆತ್ತದೆಯೇ, "ರೀ, ಅಲ್ಲಿ ನಿಂತು ಉಸಿರು ಬಿಡಬೇಡಿ, ಲೆನ್ಸ್ ಮಬ್ಬಾಗತ್ತೆ" ಎಂದರು.

ಸ್ಮೈಲಪ್ಪನವರು ಉಸಿರು ಬಿಗಿಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಯುವಕನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

"ಹೌದಪ್ಪ. ಈಗತಾನೆ ಸೇರಿದೀನಿ."